ಹಿತ್ತಲಲ್ಲಿ ನಿಜಕ್ಕೂ ರೈಲು ಬಿಟ್ಟಿದ್ದ ವಾಲ್ಟ್ ಡಿಸ್ನಿ!

ಬಡಾಯಿ ಕೊಚ್ಚೋರನ್ನ ಕಂಡ್ರೆ ‘ಸುಮ್ನೆ ರೈಲು ಬಿಡಬೇಡ’ ಅನ್ನೋದು ವಾಡಿಕೆ. ಆದ್ರೆ ಮಿಕ್ಕಿ ಮೌಸ್ ಸೃಷ್ಟಿಸಿದ ವಾಲ್ಟ್ ಡಿಸ್ನಿ ಮನೆ ಹಿತ್ತಲಲ್ಲೇ ನಿಜವಾದ ಉಗಿ ರೈಲು ಓಡಿಸಿದ್ದರು. ಅದೂ ಹೆಂಡತಿ ಹತ್ರ ಕರಾರು ಪತ್ರ ಮಾಡಿಕೊಂಡು!

ಡಿಸ್ನಿ ಹುಟ್ಟಿದ್ದು 1901ರ ಡಿಸೆಂಬರ್ 5ರಂದು, ಅಮೆರಿಕದ ಶಿಕಾಗೋದಲ್ಲಿ. ಬಾಲ್ಯ ಕಳೆದಿದ್ದು ಮಿಸೌರಿ ರಾಜ್ಯದ ಮಾರ್ಸೆಲಿನ್ ಅನ್ನೋ ಸಣ್ಣ ಊರಲ್ಲಿ. ಅದು ರೈಲಿನಿಂದಲೇ ಬೆಳೆದ ಊರು. ಸಂಬಂಧದಲ್ಲಿ ಮಾವನಾಗಬೇಕಿದ್ದ ಒಬ್ಬರು ಎಂಜಿನ್ ಚಾಲಕರಾಗಿದ್ದರು. ರೈಲಿನ ಹುಚ್ಚು ಹತ್ತೋಕೆ ಇಷ್ಟು ಸಾಕಾಯ್ತು.

ರೈಲಲ್ಲಿ ವ್ಯಾಪಾರ, ಕೈಗೆ ನಷ್ಟ

15ನೇ ವಯಸ್ಸಿಗೆ ರಜೆಯಲ್ಲಿ ರೈಲು ಹತ್ತಿ ಪೇಪರ್, ಮಿಠಾಯಿ, ತಂಪು ಪಾನೀಯ ಮಾರಿದರು. ಖಾಲಿ ಬಾಟಲಿ ವಾಪಸ್ ಬರ್ತಿರಲಿಲ್ಲ, ಮಾರೋ ಮಿಠಾಯಿಗೆ ಇವರೇ ಕೈ ಹಾಕ್ತಿದ್ದರು. ಲಾಭ ಇರಲಿ, ಹಾಕಿದ ದುಡ್ಡೂ ಹುಟ್ಟಲಿಲ್ಲ. ಆದರೂ ಆ ದಿನಗಳನ್ನ ಕೊನೇವರೆಗೂ ಖುಷಿಯಿಂದ ನೆನೀತಿದ್ದರು.

1923ರಲ್ಲಿ ಹಾಲಿವುಡ್‌ಗೆ ಬಂದು ಅಣ್ಣ ರಾಯ್ ಜೊತೆ ಸ್ಟುಡಿಯೋ ಶುರು ಮಾಡಿದರು. 1928ರಲ್ಲಿ ಮಿಕ್ಕಿ ಮೌಸ್ ಬಂತು, ಹೆಸರೂ ಬಂತು. ಆದ್ರೆ 1941ರಲ್ಲಿ ನೌಕರರ ಮುಷ್ಕರ, ಜೊತೆಗೆ ಯುದ್ಧ, ಬ್ಯಾಂಕ್ ಸಾಲ. ಡಿಸ್ನಿ ಸೋತು ಸುಣ್ಣವಾದರು. ತಲೆಬಿಸಿ ಇಳಿಸೋಕೆ ಒಂದು ಹವ್ಯಾಸ ಬೇಕಾಗಿತ್ತು.

ಅವರ ಸ್ಟುಡಿಯೋದ ಕಲಾವಿದ ವಾರ್ಡ್ ಕಿಂಬಾಲ್ ಮನೆ ಅಂಗಳದಲ್ಲಿ ದೊಡ್ಡ ಉಗಿ ಎಂಜಿನ್ನೇ ಇತ್ತು. ಇನ್ನೊಬ್ಬ ಕಲಾವಿದ ಆಲಿ ಜಾನ್‌ಸ್ಟನ್ ಕೂಡ ತೋಟದಲ್ಲಿ ಓಡಿಸೋಕೆ ಪುಟ್ಟ ಉಗಿ ರೈಲು ಕಟ್ಟಿಸ್ತಿದ್ದರು. 1948ರಲ್ಲಿ ಕಿಂಬಾಲ್ ಜೊತೆ ಶಿಕಾಗೋದ ರೈಲು ಮೇಳ ನೋಡಿ ಬಂದ ಮೇಲಂತೂ ಡಿಸ್ನಿಗೆ ತಡೆಯೋಕಾಗಲಿಲ್ಲ.

ಹೂದೋಟದ ಕೆಳಗೆ ಸುರಂಗ

ಲಾಸ್ ಏಂಜಲಿಸ್‌ನ ಕ್ಯಾರಲ್‌ವುಡ್ ಡ್ರೈವ್‌ನಲ್ಲಿ ಹೊಸ ಮನೆಗೆ ಜಾಗ ತಗೊಂಡರು. ಅಲ್ಲಿ ಹಳಿ ಹಾಕೋಕೆ ಹೆಂಡತಿ ಲಿಲಿಯನ್ ಮತ್ತು ಇಬ್ಬರು ಹೆಣ್ಣುಮಕ್ಕಳ ಒಪ್ಪಿಗೆ ಬೇಕಲ್ಲ? ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ ಕರಾರು ಪತ್ರ ಬರೆಸಿ ಸಹಿ ಹಾಕಿಸಿಕೊಂಡರು. ಲಿಲಿಯನ್‌ಗೆ ಹೂದೋಟ ಹಾಳಾಗೋದು ಇಷ್ಟ ಇರಲಿಲ್ಲ. ಅದಕ್ಕೇ ತೋಟದ ಕೆಳಗೆ 90 ಅಡಿ ಸುರಂಗ ಮಾಡಿಸಿದರು. ಆ ತುದಿ ಕಾಣದ ಹಾಗೆ ಅದಕ್ಕೆ ತಿರುವು ಬೇರೆ.

ಹಳಿ ಒಟ್ಟು 2,615 ಅಡಿ. ಎಂಜಿನ್ ಅಸಲಿ ಗಾತ್ರದ ಎಂಟನೇ ಒಂದು ಭಾಗ. ಹೆಸರು ‘ಲಿಲಿ ಬೆಲ್’, ಹೆಂಡತಿ ನೆನಪಿಗೆ. ಆಟದ ಸಾಮಾನು ಅನ್ಕೋಬೇಡಿ. ಕಲ್ಲಿದ್ದಲು ಉರಿಸಿ, ಬಾಯ್ಲರ್‌ನಲ್ಲಿ ನೀರು ಕುದಿಸಿ, ಆ ಉಗಿಯ ಒತ್ತಡದಿಂದಲೇ ಚಕ್ರ ತಿರುಗ್ತಿತ್ತು. ಹಿಂದಿನ ಡಬ್ಬಿಗಳ ಮೇಲೆ ದೊಡ್ಡವರೂ ಕೂತು ಹೋಗಬಹುದಿತ್ತು. ಎಂಜಿನ್ ಕಟ್ಟಿದ್ದು ಸ್ಟುಡಿಯೋದ ಮೆಕ್ಯಾನಿಕ್ ರೋಜರ್ ಬ್ರಾಗಿ ತಂಡ. ಡಿಸ್ನಿ ಸಂಜೆ ಹೊತ್ತು ಅವರ ಹತ್ರ ಲೇತ್ ಕೆಲಸ ಕಲಿತು ಸಣ್ಣಪುಟ್ಟ ಭಾಗ ತಯಾರಿಸಿದರು. ಕೊನೇ ಮರದ ಬೋಗಿಯನ್ನ ಬಹುಪಾಲು ಅವರೇ ಕೈಯಾರೆ ಮಾಡಿದ್ದು. 1950ರಲ್ಲಿ ರೈಲು ಓಡಿತು. ಮನೆಗೆ ಬಂದ ನೆಂಟರಿಗೆ ಡಿಸ್ನಿಯೇ ಡ್ರೈವರ್!

ಒಂದು ಮಗುವಿನ ಗಾಯ

1953ರಲ್ಲಿ ಬೇರೊಬ್ಬರು ಓಡಿಸ್ತಿದ್ದಾಗ ತಿರುವಿನಲ್ಲಿ ವೇಗ ಜಾಸ್ತಿಯಾಗಿ ಎಂಜಿನ್ ಉರುಳಿತು. ಹೊರನುಗ್ಗಿದ ಉಗಿ ತಾಗಿ 5 ವರ್ಷದ ಬಾಲಕಿಗೆ ಸುಟ್ಟ ಗಾಯವಾಯ್ತು. ಡಿಸ್ನಿ ಮತ್ತೆ ಯೋಚನೆ ಮಾಡಲಿಲ್ಲ. ಅಷ್ಟು ಆಸೆಯಿಂದ ಕಟ್ಟಿದ ರೈಲನ್ನ ನಿಲ್ಲಿಸಿ ಎಂಜಿನ್ ಎತ್ತಿಟ್ಟರು. ಹಿತ್ತಲಿನ ಓಟ ಮೂರೇ ವರ್ಷಕ್ಕೆ ಮುಗೀತು.

ಆದ್ರೆ ಆಸೆ ಸಾಯಲಿಲ್ಲ. 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ಬಾಗಿಲು ತೆರೆದಾಗ ಪಾರ್ಕಿನ ಸುತ್ತ ಉಗಿ ರೈಲು ಓಡ್ತಿತ್ತು. ಅದರ ಮೊದಲ ಎರಡು ಎಂಜಿನ್‌ಗಳನ್ನ ಕಟ್ಟಿದ್ದು ‘ಲಿಲಿ ಬೆಲ್’ ನಕ್ಷೆಯನ್ನೇ ದೊಡ್ಡದು ಮಾಡಿ.

1966ರ ಡಿಸೆಂಬರ್ 15ರಂದು, 65ನೇ ವಯಸ್ಸಿಗೆ ಡಿಸ್ನಿ ತೀರಿಕೊಂಡರು. ಹಿತ್ತಲಲ್ಲಿ ಕೂತು ರೈಲು ನಿಯಂತ್ರಿಸ್ತಿದ್ದ ಅವರ ಮರದ ಕೊಟ್ಟಿಗೆಯನ್ನ 1999ರಲ್ಲಿ ಲಾಸ್ ಏಂಜಲಿಸ್‌ನ ಗ್ರಿಫಿತ್ ಪಾರ್ಕ್‌ಗೆ ತಂದು ನಿಲ್ಲಿಸಿದರು. ಉಗಿ ರೈಲಿನ ಹವ್ಯಾಸಿಗಳು ಅಲ್ಲೀಗಲೂ ಪುಟ್ಟ ರೈಲು ಓಡಿಸಿ, ಬಂದ ಮಕ್ಕಳನ್ನ ಕೂರಿಸಿಕೊಂಡು ಸುತ್ತು ಹಾಕ್ತಾರೆ.