ಜಿನಾಲಯಕ್ಕೆ ಆದಾಯದ ದಾರಿ ಮಾಡಿದ ಬಂಕೆಯ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ನೆಚ್ಚಿನ ದಂಡನಾಯಕ ಬಂಕೆಯ. ಚೆಲ್ಲಕೇತನ ವಂಶದವನು, ಜಿನಭಕ್ತ. ಅಬಲೂರು ಸೀಮೆಯೂ ಸೇರಿದ್ದ ಬನವಾಸಿ ನಾಡನ್ನು ಆಳಿದವನು. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರಕ್ಕೆ ಅವನದೇ ಹೆಸರು. ಗಂಗರ ಮೇಲೆ ದಂಡೆತ್ತಿ ಹೋಗಿದ್ದಾಗ ಅರಸನ ವಿರುದ್ಧ ಒಳಗಿನವರೇ ದಂಗೆ ಎದ್ದರು. ಕರೆ ಬಂದ ಕೂಡಲೇ ಬಂಕೆಯ ಹಿಂದಿರುಗಿ ದಂಗೆಯನ್ನು ಅಡಗಿಸಿದನು.

ಕೊಳನೂರಿನಲ್ಲಿ, ಅಂದರೆ ಇಂದಿನ ಗದಗ ಜಿಲ್ಲೆಯ ಕೊಣ್ಣೂರಿನಲ್ಲಿ, ಅವನು ಜಿನಾಲಯ ಕಟ್ಟಿಸಿದನು. ಜಿನಾಲಯ ಕಟ್ಟುವುದು ಒಮ್ಮೆಯ ಖರ್ಚು. ಪೂಜೆ, ದುರಸ್ತಿ ಪ್ರತಿವರ್ಷದ ಖರ್ಚು. ಬಂಕೆಯನು ಅರಸನಲ್ಲಿ ಬಿನ್ನವಿಸಿಕೊಂಡನು. ಕ್ರಿ.ಶ. 860ರಲ್ಲಿ ಅಮೋಘವರ್ಷನು ತಲೆಯೂರು ಗ್ರಾಮವನ್ನೂ ಬೇರೆ ಊರುಗಳಲ್ಲಿ ಜಮೀನನ್ನೂ ದೇವೇಂದ್ರ ಮುನಿಗಳಿಗೆ ದಾನ ಕೊಟ್ಟನು. ಆ ದಾನದ ವಿವರ ಕೊಣ್ಣೂರಿನ ಕಲ್ಲಿನ ಶಾಸನದಲ್ಲಿ ಇಂದಿಗೂ ಉಳಿದಿದೆ.

ಬಂಕೆಯನ ಮಗ ಲೋಕಾದಿತ್ಯನ ಆಳ್ವಿಕೆಯಲ್ಲಿ, 898ರಲ್ಲಿ, ಬಂಕಾಪುರದಲ್ಲಿ ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ಸಂದಿತು.

ನಮ್ಮ ಅನೇಕ ಬಸದಿಗಳಿಗೆ ಹೊಲ, ಮನೆ, ಮಳಿಗೆಗಳಿವೆ. ಕರಾರುಪತ್ರ ಭದ್ರವಾಗಿದ್ದು, ಬಾಡಿಗೆ ಕಾಲಕಾಲಕ್ಕೆ ಬಂದರೆ ಮಾತ್ರ ದಾನಿಯ ಆಶಯ ಉಳಿಯುತ್ತದೆ. ಕಟ್ಟಿಸುವವರಷ್ಟೇ ನೋಡಿಕೊಳ್ಳುವವರೂ ಬೇಕು. ಬಂಕೆಯನ ಬಾಳಿನಿಂದ ಬಸದಿ ಸಮಿತಿಗಳು ಕಲಿಯಬೇಕಾದ ಪಾಠ ಇದೇ.