ಮೇದಾರ ಕೇತಯ್ಯ: ಕಾಯಕ ಮತ್ತು ವ್ರತ

12ನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಸುತ್ತ ನೆರೆದ ಶರಣ ಸಮೂಹದಲ್ಲಿ ಮೇದಾರ ಕೇತಯ್ಯನಿಗೆ ವಿಶಿಷ್ಟವಾದ ಸ್ಥಾನವಿದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಮೊದಲಾದವರಂತೆ ಈತನ ಹೆಸರಿಗೂ ವೃತ್ತಿಯೇ ವಿಶೇಷಣ. ಈತನ ಕೆಲವೇ ವಚನಗಳು ಉಳಿದು ಬಂದಿವೆ. ಅವುಗಳ ಅಂಕಿತ ಗವರೇಶ್ವರ. ಗವರಿಗ ಎಂಬ ಪದಕ್ಕೆ ಮೇದಾರನೆಂಬ ಅರ್ಥವೂ ಇರುವುದನ್ನು ನೆನೆದರೆ, ಕಸುಬು ಅಂಕಿತದೊಳಗೂ ಧ್ವನಿಸುವಂತಿದೆ.

ಬಿದಿರ ಮೆಳೆಯನ್ನು ಹೊಕ್ಕು ಬಲಿತ ಗಳವನ್ನು ಆಯ್ದು ಕಡಿದು, ಗೆಣ್ಣು ಸವರಿ, ಉದ್ದಕ್ಕೆ ಸೀಳಿ, ದಬ್ಬೆಗಳನ್ನು ತೆಳುವಾಗಿ ಹೆರೆದು ಬುಟ್ಟಿ, ಮೊರ, ತೊಟ್ಟಿಲುಗಳನ್ನು ಹೆಣೆಯುವುದು ಮೇದಾರರ ಕುಲವೃತ್ತಿ. ಎಳೆಯ ಬಿದಿರಿಗೆ ಬೇಗ ಹುಳು ಹಿಡಿಯುತ್ತದೆ. ತೀರ ಒಣಗಿದ್ದು ಬಾಗದೆ ಮುರಿಯುತ್ತದೆ. ಈ ಹದವನ್ನು ಕೈ ಕಲಿಯುವುದು ಬಾಲ್ಯದಿಂದ, ಹಿರಿಯರ ಬಳಿ ಕುಳಿತು. ಕೇತಯ್ಯನು ಕಲ್ಯಾಣದ ಅನುಭಾವಿಗಳ ಸಂಗ ದೊರೆತ ಮೇಲೂ ಈ ಕಸುಬನ್ನು ಬಿಡಲಿಲ್ಲ. ಬುಟ್ಟಿ ಮಾರಿ ಬಂದುದರಿಂದ ನಿತ್ಯ ಜಂಗಮ ದಾಸೋಹ ನಡೆಸುವುದು ಅವನ ನೇಮವಾಗಿತ್ತು.

ಆತನ ಕುರಿತ ಐತಿಹ್ಯಗಳು ಈ ನೇಮದ ಸುತ್ತಲೇ ಹೆಣೆದುಕೊಂಡಿವೆ. ಕಡಿದ ಬಿದಿರಿನಿಂದ ಹೊನ್ನು ಉದುರಿದಾಗ, ಇದು ಹುಳು ಬಿದ್ದ ಬಿದಿರೆಂದು ತೊರೆದು ಆತ ಬೇರೆ ಮೆಳೆಗೆ ನಡೆದನಂತೆ. ದುಡಿಯದೆ ಬಂದುದು ದಾಸೋಹಕ್ಕೆ ಸಲ್ಲದು ಎಂಬ ನಿಷ್ಠುರತೆ ಇದರಲ್ಲಿದೆ. ಇನ್ನೊಂದು ಕಥೆ ಮತ್ತಷ್ಟು ಕಠೋರವಾದುದು. ಬಿದಿರು ಕಡಿಯುವಾಗ ಗಳವೊಂದು ಎದೆಗೆ ನಾಟಿತು. ಅದನ್ನು ಕಿತ್ತರೆ ಪ್ರಾಣ ಹೋಗುವುದು. ಅಂದಿನ ದಾಸೋಹ ಇನ್ನೂ ಆಗಿರಲಿಲ್ಲ. ಪತ್ನಿ ಸಾತವ್ವೆಯು ದುಃಖವನ್ನು ನುಂಗಿ, ಅಂದಿನ ಕಾಯಕವನ್ನು ತಾನೇ ಪೂರೈಸಿ ದಾಸೋಹ ಸಲ್ಲಿಸಿದ ಬಳಿಕವೇ ಕೇತಯ್ಯ ಪ್ರಾಣ ಬಿಟ್ಟನೆಂದು ಪ್ರತೀತಿ. ಸುದ್ದಿ ಕೇಳಿ ಬಸವಣ್ಣನವರೂ ಪ್ರಾಣ ತೊರೆದರೆಂದೂ ಮಡಿವಾಳ ಮಾಚಯ್ಯನು ಇಬ್ಬರನ್ನೂ ಮರಳಿ ಎಬ್ಬಿಸಿದನೆಂದೂ ಕಥೆ ಮುಂದುವರಿಯುತ್ತದೆ.

ಪವಾಡದ ಅಂಶವನ್ನು ಬದಿಗಿಟ್ಟರೂ ಉಳಿಯುವ ಸತ್ಯ ಸಣ್ಣದಲ್ಲ. ರಾಜ್ಯದ ಭಂಡಾರಿಯಾಗಿದ್ದವರು ಬುಟ್ಟಿ ಹೆಣೆಯುವವನ ಪ್ರಾಣಕ್ಕೆ ತಮ್ಮ ಪ್ರಾಣವನ್ನು ಸರಿದೂಗಿಸಿದರೆಂದು ಜನಮನ ನಂಬಿತು. ಅದೇ ಕಥೆಯಲ್ಲಿ ವ್ರತವನ್ನು ಉಳಿಸಿದವಳು ಸಾತವ್ವೆ ಎಂಬುದೂ ಗಮನಾರ್ಹ. ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತ, ವಡಾಲದಂಥ ಬಡಾವಣೆಗಳಲ್ಲಿ ಕನ್ನಡ ಶಾಲೆಗಳನ್ನು ಕಟ್ಟಿ ಬೆಳೆಸಿದ ಮುಂಬಯಿ ಕನ್ನಡಿಗರಿಗೆ ಈ ದಂಪತಿಗಳ ಬದುಕು ದೂರದ್ದಾಗಿ ತೋರದು.