ಪಂಜೆಯವರು ಮತ್ತು ನಮ್ಮ ಶಾಲೆಯ ಪುಸ್ತಕದ ಕಪಾಟು

ನಮ್ಮ ಶಾಲೆಗೆ ಐವತ್ತು ತುಂಬಿತು. ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ, ಈ ಶಾಲೆಯಲ್ಲೇ ಕಲಿತು ಇಲ್ಲೇ ಹಲವು ವರ್ಷ ಕನ್ನಡ ಕಲಿಸಿದವನಾದ್ದರಿಂದ ಹಳೆಯ ನೆನಪುಗಳನ್ನೇ ಬರೆಯೋಣವೆಂದುಕೊಂಡಿದ್ದೆ. ಅಷ್ಟರಲ್ಲಿ ಹಳೆ ವಿದ್ಯಾರ್ಥಿಗಳು ಕೂಡಿಸಿದ ಹಣದಲ್ಲಿ ಒಂದು ಪಾಲನ್ನು ಗ್ರಂಥಾಲಯಕ್ಕೆ ಮೀಸಲಿಟ್ಟಿದ್ದಾರೆಂದೂ, ಪುಸ್ತಕಗಳ ಪಟ್ಟಿ ಮಾಡುವ ಕೆಲಸ ನನ್ನದೆಂದೂ ತಿಳಿಯಿತು. ಆಗ ನನಗೆ ನೆನಪಾದವರು ನಮ್ಮ ತಾಲೂಕಿನವರೇ ಆದ ಪಂಜೆ ಮಂಗೇಶರಾಯರು. ಮಕ್ಕಳ ಕೈಗೆ ಯಾವ ಪುಸ್ತಕ ಕೊಡಬೇಕು ಎಂಬ ಪ್ರಶ್ನೆಯನ್ನು ಬದುಕಿನುದ್ದಕ್ಕೂ ಹೊತ್ತು ನಡೆದವರು ಅವರು.

ಪಂಜೆಯವರು ಹುಟ್ಟಿದ್ದು 1874ರಲ್ಲಿ, ನೇತ್ರಾವತಿಯ ದಡದ ಬಂಟ್ವಾಳ ಪೇಟೆಯಲ್ಲಿ. ಮನೆಯ ಮಾತು ಕೊಂಕಣಿ, ಬೀದಿಯ ಮಾತು ತುಳು, ಶಾಲೆಯ ಮಾತು ಕನ್ನಡ. ನಮ್ಮೂರಿನ ಮಕ್ಕಳಿಗೆ ಇವತ್ತಿಗೂ ಇದು ಹೊಸದಲ್ಲ. ಮನೆಯಲ್ಲಿ ಹೇಳಿಕೊಳ್ಳುವಂಥ ಅನುಕೂಲವಿರಲಿಲ್ಲ. ಕಷ್ಟಪಟ್ಟು ಮಂಗಳೂರಿನಲ್ಲಿ ಓದಿ, ಅಲ್ಲಿನ ಸರಕಾರಿ ಕಾಲೇಜಿನಲ್ಲೇ ಕನ್ನಡ ಪಂಡಿತರಾದರು. ಮುಂದೆ ಶಾಲಾ ಇನ್‌ಸ್ಪೆಕ್ಟರರಾಗಿ ಊರೂರು ತಿರುಗಿದರು, ತರಬೇತಿ ಶಾಲೆಯಲ್ಲಿ ಶಿಕ್ಷಕರಿಗೆ ಪಾಠ ಮಾಡಿದರು, ಮಡಿಕೇರಿಯ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾದರು. ಆ ನಾಡಿನ ಬಗ್ಗೆ ಅವರು ಬರೆದ ‘ಹುತ್ತರಿ ಹಾಡು’ ಪದ್ಯವನ್ನು ಕೊಡಗಿನವರು ಇಂದಿಗೂ ತಮ್ಮದೆಂದು ಹಾಡುತ್ತಾರೆ.

ಆಗ ನಮ್ಮ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಶಾಲೆಯ ಪುಸ್ತಕಗಳು ಅಚ್ಚಾಗುತ್ತಿದ್ದವು. ಆದರೆ ಪರೀಕ್ಷೆಗಲ್ಲದೆ ಸುಮ್ಮನೆ ಸಂತೋಷಕ್ಕೆಂದು ಮಗುವೊಂದು ಬಿಡಿಸಿ ಓದುವಂಥ ಕನ್ನಡ ಪುಸ್ತಕಗಳು ಬಹಳ ಕಡಿಮೆ. ಪಂಜೆಯವರು ಆ ಕೊರತೆಯನ್ನು ದೂರುತ್ತಾ ಕೂರಲಿಲ್ಲ. ಇಲ್ಲದ ಪುಸ್ತಕಗಳನ್ನು ತಾವೇ ಬರೆದರು. ಸಾಲದ್ದಕ್ಕೆ ಗೆಳೆಯರನ್ನೂ ಕೂಡಿಸಿಕೊಂಡು ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. ಮಕ್ಕಳ ಕೈಗೆ ಒಪ್ಪುವಂಥ ಚಿಕ್ಕ ಚಿಕ್ಕ ಪುಸ್ತಕಗಳು ಅಲ್ಲಿಂದ ಹೊರಬಂದವು.

ಅವರಿಗೆ ದೊಡ್ಡವರಿಗಾಗಿ ಬರೆಯಲು ಬಾರದೆ ಮಕ್ಕಳ ಕಡೆ ಬಂದದ್ದಲ್ಲ. 1900ರಲ್ಲಿ ಹೊರಟ ‘ಸುವಾಸಿನಿ’ ಪತ್ರಿಕೆಯಲ್ಲಿ ಅವರು ಬರೆದ ಕಥೆಗಳನ್ನು ಕನ್ನಡ ಸಣ್ಣಕಥೆಯ ಮೊದಲ ಹೆಜ್ಜೆಗಳೆಂದು ಎಣಿಸುತ್ತಾರೆ. ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿದ ಪಂಡಿತರು ಅವರು. ಅಂಥವರು ‘ಹೇನು ಸತ್ತು ಕಾಗೆ ಬಡವಾಯಿತು’, ‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬ ಹೆಸರಿನ ಕಥೆಗಳನ್ನು ಬರೆಯಲು ಹಿಂಜರಿಯಲಿಲ್ಲ. ಸಿಗಡಿಯನ್ನು ಬಿಸಿಲಿಗೆ ಹರವುವುದನ್ನು ಕಣ್ಣಾರೆ ಕಂಡು ಬೆಳೆದ ಕರಾವಳಿಯ ಮಗುವಿಗೆ ಆ ಕಥೆಯೊಳಗೆ ಹೋಗಲು ಯಾರ ವಿವರಣೆಯೂ ಬೇಕಿಲ್ಲ. ತುಳುವಿನ ಪಾಡ್ದನದಲ್ಲಿದ್ದ ಕೋಟಿ ಚೆನ್ನಯರನ್ನು ಕನ್ನಡದ ಗದ್ಯಕ್ಕೆ ತಂದರು. ಹಾಗೆಂದು ಹೊರಗಿನದಕ್ಕೆ ಬಾಗಿಲು ಹಾಕಿದವರೂ ಅಲ್ಲ. ‘ಮೂರು ಕರಡಿಗಳು’, ‘ಇಲಿಗಳ ತಕಥೈ’ ಇಂಗ್ಲಿಷಿನ ದಾರಿಯಾಗಿ ಬಂದವು. ಆದರೆ ಬರುವಾಗ ನಮ್ಮ ಮಾತನ್ನು ಕಲಿತುಕೊಂಡೇ ಬಂದವು. ‘ನಾಗರ ಹಾವೆ’ ಪದ್ಯವನ್ನು ಬಾಯಿಪಾಠ ಮಾಡದ ಹಳೆ ವಿದ್ಯಾರ್ಥಿಗಳು ನಮ್ಮಲ್ಲಿ ಎಷ್ಟು ಮಂದಿ ಇದ್ದಾರು?

ಇದನ್ನೆಲ್ಲ ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆದರೆ ಹೇಳಿದಂತೆ ನಡೆದುಕೊಳ್ಳಲಿಲ್ಲ ಎಂಬುದನ್ನು ಈ ಸಂಚಿಕೆಯಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ಗ್ರಂಥಾಲಯದ ಹೊಣೆ ನನ್ನ ಮೇಲಿದ್ದಾಗ ಒಂದು ವರ್ಷ ಅನುದಾನ ಫೆಬ್ರವರಿ ಕೊನೆಗೆ ಬಂತು. ಮಾರ್ಚ್ 31ರೊಳಗೆ ಖರ್ಚು ಮಾಡಿ ಬಿಲ್ಲು ಕೊಡಬೇಕು. ಎದುರಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ನಾನು ಒಂದು ಪುಸ್ತಕವನ್ನೂ ಬಿಡಿಸಿ ನೋಡದೆ ಗೈಡುಗಳು, ಪ್ರಶ್ನೋತ್ತರ ಮಾಲಿಕೆಗಳು, ಒಂದಷ್ಟು ದಪ್ಪ ರಟ್ಟಿನ ಗ್ರಂಥಗಳು ಎಂದು ಪಟ್ಟಿ ಮಾಡಿ ಸಹಿ ಹಾಕಿದೆ. ಕಪಾಟು ತುಂಬಿತು. ತಪಾಸಣೆಗೆ ಬಂದವರು ಮೆಚ್ಚಿದರು.

ಮರುವರ್ಷ ಎಂಟನೆಯ ತರಗತಿಗೆ ಒಬ್ಬ ಹುಡುಗ ಸೇರಿದ. ಮನೆಯಲ್ಲಿ ತುಳು, ಕನ್ನಡ ಓದುವುದೆಂದರೆ ಅಕ್ಷರ ಅಕ್ಷರ ಕೂಡಿಸಬೇಕು. ಆದರೂ ವಾರಕ್ಕೊಮ್ಮೆ ಕಪಾಟಿನ ಮುಂದೆ ಬಂದು ನಿಲ್ಲುತ್ತಿದ್ದ. ಒಂದು ಪುಸ್ತಕ ಒಯ್ಯುವುದು, ಮರುದಿನವೇ ತಂದಿಡುವುದು. ಹೀಗೆ ನಾಲ್ಕೈದು ಸಲವಾದ ಮೇಲೆ, ಕಥೆ ಇರುವ ಪುಸ್ತಕ ಯಾವುದೂ ಇಲ್ಲವೇ ಎಂದು ನನ್ನನ್ನು ಕೇಳಿದ. ಹುಡುಕಿದೆ. ಅವನಿಂದ ಓದಲಾಗುವಂಥದು ಒಂದೂ ಸಿಗಲಿಲ್ಲ. ಮೊದಲು ಪಾಠ ಓದು ಎಂದು ಗದರಿಸಿ ಕಳಿಸಿದೆ. ಅವನು ಮತ್ತೆ ಕಪಾಟಿನ ಹತ್ತಿರ ಬರಲಿಲ್ಲ. ಹತ್ತನೆಯ ತರಗತಿ ಮುಗಿಸುವ ಮೊದಲೇ ಶಾಲೆ ಬಿಟ್ಟ. ಅವನು ಶಾಲೆ ಬಿಡಲು ನೂರು ಕಾರಣಗಳಿದ್ದಿರಬಹುದು. ಆದರೆ ಅವನು ಕೇಳಿದ ದಿನ ನನ್ನ ಕೈಯಲ್ಲಿ ‘ಗುಡುಗುಡು ಗುಮ್ಮಟ ದೇವರು’ ಇರಲಿಲ್ಲ. ಇರಬೇಕಾಗಿತ್ತು. ಅನುದಾನ ಬಂದಿತ್ತು, ಪಂಜೆಯವರು ಬರೆದಿಟ್ಟಿದ್ದರು, ನಾನು ಆರಿಸಲಿಲ್ಲ.

ಮೊನ್ನೆ ಸುವರ್ಣ ಮಹೋತ್ಸವದ ಸಭೆಗೆ ಅವನೂ ಬಂದಿದ್ದ. ಗ್ರಂಥಾಲಯಕ್ಕೆಂದೇ ಹಣ ಕೊಟ್ಟು ರಸೀದಿ ಪಡೆದ. ತನ್ನ ಮಗಳು ಈಗ ಇದೇ ಶಾಲೆಯಲ್ಲಿ ಎಂಟನೆಯ ತರಗತಿ ಎಂದ. ಹಳೆಯದನ್ನು ಅವನೂ ಎತ್ತಲಿಲ್ಲ, ಎತ್ತುವ ಧೈರ್ಯ ನನಗೂ ಬರಲಿಲ್ಲ.

ಆದ್ದರಿಂದ ಈ ಸಲ ಪಟ್ಟಿ ಮಾಡುವ ಕ್ರಮವನ್ನು ಬದಲಿಸಿದ್ದೇನೆ. ನಾನು ಬಿಡಿಸಿ ಓದದ ಪುಸ್ತಕ ಪಟ್ಟಿಗೆ ಸೇರುವುದಿಲ್ಲ. ಪ್ರತಿ ಪುಸ್ತಕದ ಒಂದು ಪುಟವನ್ನು, ಮನೆಯಲ್ಲಿ ಕನ್ನಡವಲ್ಲದ ಮಾತಾಡುವ ಒಂದು ಮಗುವಿನಿಂದ ಗಟ್ಟಿಯಾಗಿ ಓದಿಸಿ ನೋಡುತ್ತೇನೆ. ಎಲ್ಲಿ ತಡವರಿಸುತ್ತದೆ, ಎಲ್ಲಿ ಮುಂದಿನ ಪುಟ ತಿರುವುತ್ತದೆ ಎಂದು ಗಮನಿಸಿದರೆ ಸಾಕು. ಗೈಡುಗಳು ಬೇಡವೆಂದಲ್ಲ. ಪರೀಕ್ಷೆ ಬರೆಯುವ ಮಕ್ಕಳಿಗೆ ಅವೂ ಬೇಕು. ಆದರೆ ಅವುಗಳಿಗೆ ಒಂದು ಅಡ್ಡಹಲಗೆ ಸಾಕು. ಒಳ್ಳೆಯ ನಿಘಂಟು ಬೇಕು, ವಿಜ್ಞಾನದ ಚಿತ್ರಗಳಿರುವ ಪುಸ್ತಕ ಬೇಕು, ಕಾಲೇಜಿಗೆ ಹೋಗುವ ನಮ್ಮ ಹಳೆ ಮಕ್ಕಳು ಬಂದು ಒಯ್ಯುವಂಥವೂ ನಾಲ್ಕು ಬೇಕು. ಮೊದಲ ಸಾಲಿನಲ್ಲಿ, ಮಗುವಿನ ಕೈಗೆಟಕುವ ಎತ್ತರದಲ್ಲಿ, ಕಥೆಯ ಪುಸ್ತಕಗಳಿರಬೇಕು. ಕಪಾಟಿಗೆ ಬೀಗ ಬೇಡವೆಂದು ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡಿದ್ದೇನೆ. ಅವರು ಒಪ್ಪಿದ್ದಾರೆ.

ಪಂಜೆಯವರು 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1937ರಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು. ಅಷ್ಟು ದೊಡ್ಡ ಗೌರವ ಪಡೆದವರು ಬರೆಯುವಾಗ ಇಟ್ಟುಕೊಂಡಿದ್ದ ಹೆಸರು ‘ಕವಿಶಿಷ್ಯ’. ಕೊನೆಯವರೆಗೂ ತಾವು ವಿದ್ಯಾರ್ಥಿಯೇ ಎಂದುಕೊಂಡವರಿಗೆ ಮಾತ್ರ ವಿದ್ಯಾರ್ಥಿಗೆ ಏನು ಬೇಕೆಂದು ತಿಳಿಯುತ್ತದೆಯೋ ಏನೋ.

ಹಳೆ ವಿದ್ಯಾರ್ಥಿಗಳಲ್ಲೂ ಊರವರಲ್ಲೂ ನನ್ನದೊಂದು ವಿನಂತಿ. ನೀವು ಎಂಟನೆಯ ತರಗತಿಯಲ್ಲಿದ್ದಾಗ ಕೆಳಗಿಡಲು ಮನಸ್ಸಾಗದೆ ಓದಿದ ಒಂದು ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆದು ಶಾಲೆಯ ಕಚೇರಿಗೆ ತಲುಪಿಸಿ. ಪಟ್ಟಿ ಇನ್ನೂ ಮುಗಿದಿಲ್ಲ. ಮೊದಲ ಹೆಸರಾಗಿ ಪಂಜೆಯವರ ಮಕ್ಕಳ ಕಥೆಗಳನ್ನು ಬರೆದಿಟ್ಟಿದ್ದೇನೆ. ಅದು ಬಂದ ದಿನ ಆ ಹುಡುಗಿಗೆ ನಾನೇ ಕೊಡಬೇಕೆಂದಿದ್ದೇನೆ.